ಹಾಕುವಾಗ ಹೊಂದಿದ ಲೆಕ್ಕ ಬಿಚ್ಚುವಾಗ ಯಾಕೆ ಹೊಂದುವುದಿಲ್ಲ?

ಹಾಸನ_ಟರ್ನರ್

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಸಕಲೇಶಪುರ ಕಡೆ ತೋಟಗಳಿಂದ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಮಶೀನ್) ರಿಪೇರಿ ಜಾಸ್ತಿ ಬರುತ್ತದೆ. ಹೋದ ಸೀಸನ್‌ಗೆ ಮುಂಚೆ ಒಂದು ಪಲ್ಪರ್ ಶಾಫ್ಟ್‌ಗೆ ಹೊಸ ಗೇರ್ ಪ್ರೆಸ್ ಮಾಡಿ ಕೊಟ್ಟಿದ್ದೆ. ಶಾಫ್ಟ್ 30 ಮಿ.ಮೀ., ಹಬ್‌ನ (ಗೇರ್‌ನಲ್ಲಿ ಶಾಫ್ಟ್ ಕೂರುವ ನಡುಭಾಗ) ಹೊರವ್ಯಾಸ 60, ಉದ್ದ 30, ಎರಡೂ ಸ್ಟೀಲ್. ಮೈಕ್ರೊಮೀಟರ್‌ನಲ್ಲಿ ನೋಡಿದರೆ ಶಾಫ್ಟು ತೂತಿಗಿಂತ 20 ಮೈಕ್ರಾನ್ ದಪ್ಪ.

ಡಿಪ್ಲೊಮಾದಲ್ಲಿ ಕಲಿತ, ಬಿಗಿ ಫಿಟ್ಟಿನ ಒತ್ತಡ ಹೇಳುವ ಲಾಮೆ ಸೂತ್ರ ಹಾಕಿದೆ. ಒತ್ತಡ 50 ಮೆಗಾಪ್ಯಾಸ್ಕಲ್ ಬಂತು. ಅದನ್ನು ಮೈಗೆ ಮೈ ತಾಗುವ ಜಾಗಕ್ಕೆ ಗುಣಿಸಿ, ಫ್ರಿಕ್ಷನ್ 0.12 ಅಂತ ಹಿಡಿದರೆ ಸುಮಾರು 17 ಕಿಲೋನ್ಯೂಟನ್, ಅಂದರೆ 1.7 ಟನ್. ಪ್ರೆಸ್ ಮಾಡುವಾಗ ಗೇಜ್ ಮುಳ್ಳು ಒಂದೇ ಸಮ ಏರುತ್ತಾ ಹೋಗಿ ಕೊನೆಗೆ ಒಂದೂವರೆ ಟನ್ ಹತ್ತಿರ ನಿಂತಿತ್ತು. ಲೆಕ್ಕ ಸರಿ ಹೋಯಿತಲ್ಲ ಅಂತ ಖುಷಿಯಾಗಿತ್ತು.

ಈಗ ಒಂದು ಹಲ್ಲು ಮುರಿದು ಅದೇ ಗೇರ್ ವಾಪಸ್ ಬಂದಿದೆ. ಬಿಚ್ಚಲು ಕೂತರೆ ನಾಲ್ಕೂವರೆ ಟನ್‌ವರೆಗೂ ಕದಲಲಿಲ್ಲ. ಆಮೇಲೆ ಟಪ್ ಅಂತ ಸದ್ದು, ಮುಳ್ಳು ಒಮ್ಮೆಲೇ ಒಂದೂವರೆಗೆ ಬಿತ್ತು, ಅಲ್ಲಿಂದ ನಿಧಾನವಾಗಿ ಇಳಿಯುತ್ತಾ ಇಳಿಯುತ್ತಾ ಹಬ್ ಹೊರಗೆ ಬಂತು. ಒಳಗೆಲ್ಲ ಕೆಂಪು ಪುಡಿ. ಸೂತ್ರದ ಪ್ರಕಾರ ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ಬಲ ಸಾಕು ಅಲ್ವಾ? ಬಿಚ್ಚುವ ಕೆಲಸಕ್ಕೆ ಯಾವ ಲೆಕ್ಕ ನಂಬಬೇಕು? ಕಂಪ್ಯೂಟರ್ ಅನಾಲಿಸಿಸ್ ಎಲ್ಲ ನಮ್ಮಲ್ಲಿ ಆಗುವುದಿಲ್ಲ, ಕಾಗದದ ಮೇಲೆ ಆಗುವಂಥದ್ದು ಹೇಳಿ.

ಮೆಕ್ಯಾನಿಕಲ್_ಮೇಷ್ಟ್ರು

ಮುಳ್ಳು ಹೇಗೆ ಓಡಿತು ಅಂತ ಬರೆದಿದ್ದೀರಲ್ಲ, ಬಹಳ ಒಳ್ಳೆಯದಾಯಿತು. ಉತ್ತರ ಅಲ್ಲೇ ಇದೆ.

ತುಕ್ಕು ಊದಿಕೊಂಡು ಒತ್ತಡವೇ ಏರಿದ್ದರೆ ಕದಲಿದ ಮೇಲೂ ಬಲ ಮೂರ್ನಾಲ್ಕು ಟನ್ ಇರಬೇಕಿತ್ತು. ಆದರೆ ಟಪ್ ಅಂದ ಕೂಡಲೇ ಹಳೆಯ ಒಂದೂವರೆಗೆ ಬಂದಿದೆ. ಅಂದರೆ ಒತ್ತಡ ಮೊದಲಿನಷ್ಟೇ ಇತ್ತು, ಲಾಮೆ ಲೆಕ್ಕ ಈಗಲೂ ಸರಿ. ಜಾಸ್ತಿ ಬೇಕಾದ ಮೂರು ಟನ್ ಹೋಗಿದ್ದು ಅಂಟು ಬಿಡಿಸುವುದಕ್ಕೆ. ಗೇರ್ ಲೋಡ್ ತೆಗೆದುಕೊಳ್ಳುವಾಗ ಹಬ್‌ನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಜಾರಾಟ ಇರುತ್ತದೆ. ಅದರಿಂದ ಎದ್ದ ಕಬ್ಬಿಣದ ಪುಡಿ ತುಕ್ಕಾಗಿ, ಪಲ್ಪರ್ ನೀರಿನ ಪಸೆಯೂ ಸೇರಿ, ಎರಡು ಮೈಗಳನ್ನು ಹಿಡಿದುಕೊಳ್ಳುತ್ತದೆ. ನೀವು ನೋಡಿದ ಕೆಂಪು ಪುಡಿ ಅದೇ.

ಹಾಗಾಗಿ ಬಿಚ್ಚುವ ಲೆಕ್ಕಕ್ಕೆ ಒಂದು ಪದ ಜಾಸ್ತಿ ಸೇರಿಸಿ: ಫ್ರಿಕ್ಷನ್ ಬಲ, ಅದರ ಜೊತೆಗೆ ಅಂಟಿನ ಬಲ. ಅಂಟಿನ ಬಲಕ್ಕೆ ಇಂಟರ್‌ಫಿಯರೆನ್ಸ್ (ಶಾಫ್ಟು ತೂತಿಗಿಂತ ಎಷ್ಟು ದಪ್ಪ ಅನ್ನುವುದು) ಬೇಕಿಲ್ಲ, ತಾಗುವ ಜಾಗ ಮಾತ್ರ ಸಾಕು. ನಿಮ್ಮ ಹಬ್‌ನಲ್ಲಿ ಆ ಜಾಗ ಸುಮಾರು 2830 ಚದರ ಮಿ.ಮೀ. ಮೂರು ಟನ್ನನ್ನು ಅದರಿಂದ ಭಾಗಿಸಿದರೆ ಚದರ ಮಿಲಿಮೀಟರಿಗೆ ಒಂದು ಕಿಲೋ ಚಿಲ್ಲರೆ. ಅದೇ ತೋಟಗಳ, ಅದೇ ತರಹದ ಕೆಲಸಕ್ಕೆ ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಪುಸ್ತಕದ ಯಾವ ಸಂಖ್ಯೆಗಿಂತಲೂ ನಿಮಗೆ ಉಪಯೋಗಕ್ಕೆ ಬರುತ್ತದೆ. ಮುಂದಿನ ಸಲ ಸಡಿಲ ಫಿಟ್ ಕೊಟ್ಟರೆ ಬಿಚ್ಚಲು ಸುಲಭ ಅಂದುಕೊಳ್ಳಬೇಡಿ. ಸಡಿಲವಾದಷ್ಟೂ ಜಾರಾಟ ಜಾಸ್ತಿ, ಪುಡಿ ಜಾಸ್ತಿ.

ಇನ್ನೊಂದು ಮಾತು. ನೀವು ಅಳತೆ ತೆಗೆದು ಲೆಕ್ಕ ಹಾಕಿದ್ದಕ್ಕೇ ಹಾಕುವ ಬಲ ಹೊಂದಿತು. ಡ್ರಾಯಿಂಗ್‌ನಲ್ಲಿ ಎಚ್7/ಪಿ6 (ತೂತು, ಶಾಫ್ಟುಗಳ ಅಳತೆ ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನುವ ಗುರುತು) ಅಂತ ಬರೆದಿದ್ದರೆ 30 ಮಿ.ಮೀ.ಗೆ ಇಂಟರ್‌ಫಿಯರೆನ್ಸ್ 1ರಿಂದ 35 ಮೈಕ್ರಾನ್‌ವರೆಗೆ ಎಷ್ಟು ಬೇಕಾದರೂ ಇರಬಹುದು. ಬಲವೂ ಅದೇ ಅನುಪಾತದಲ್ಲಿ, 85 ಕಿಲೋದಿಂದ 3 ಟನ್‌ವರೆಗೆ! ಡ್ರಾಯಿಂಗ್ ನೋಡಿ ಬಲ ಹೇಳುವವರನ್ನು ನಾನು ನಂಬುವುದಿಲ್ಲ.

ಮೂಡಿಗೆರೆ_ಫಿಟ್ಟರ್

ಅಣ್ಣಾ, ಮೇಷ್ಟ್ರು ಹೇಳಿದ್ದು ಸರಿ. ಆದರೆ ತೋಟದಲ್ಲಿ ಪ್ರೆಸ್ ಎಲ್ಲಿ ಸಿಗುತ್ತದೆ? ಟನ್ ಲೆಕ್ಕ ಬಿಟ್ಟು ಬಿಸಿಯ ಲೆಕ್ಕ ಹಾಕಿ, ಅದು ಇನ್ನೂ ಸರಳ. 30 ಮಿ.ಮೀ. ಸ್ಟೀಲ್ ತೂತು ಒಂದು ಡಿಗ್ರಿಗೆ 0.36 ಮೈಕ್ರಾನ್ ದೊಡ್ಡದಾಗುತ್ತದೆ. 20 ಮೈಕ್ರಾನ್ ಬಿಡಿಸಲು ಹಬ್ಬಿಗೂ ಶಾಫ್ಟಿಗೂ ನಡುವೆ 56 ಡಿಗ್ರಿ ವ್ಯತ್ಯಾಸ ಸಾಕು. ಸಲೀಸಾಗಿ ಜಾರಲಿ ಅಂದರೆ 90 ಇಟ್ಟುಕೊಳ್ಳಿ.

ವ್ಯತ್ಯಾಸ ಅಂದೆ, ನೆನಪಿರಲಿ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸುತ್ತಾ ಕೂತರೆ ಶಾಫ್ಟೂ ಕಾಯುತ್ತದೆ, ಅದೂ ಊದುತ್ತದೆ, ಏನೂ ಪ್ರಯೋಜನ ಇಲ್ಲ. ಶಾಫ್ಟಿಗೆ ಒದ್ದೆ ಬಟ್ಟೆ ಸುತ್ತಿ, ಪುಲ್ಲರ್ (ಹಬ್ ಹಿಡಿದು ಎಳೆಯುವ ಸಾಧನ) ಮೊದಲೇ ಬಿಗಿ ಮಾಡಿಟ್ಟು, ದೊಡ್ಡ ಉರಿಯಲ್ಲಿ ಹಬ್‌ನ ಸುತ್ತ ಬೇಗ ಬೇಗ ಗ್ಯಾಸ್ ಟಾರ್ಚ್ ಆಡಿಸಬೇಕು. ತುಕ್ಕಿನ ಅಂಟೂ ಬಿಸಿಗೆ ಬಿರಿಯುತ್ತದೆ. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕಿ ನೀರು ಸುರಿಯುತ್ತಿದ್ದರಲ್ಲ, ಅದೇ ಲೆಕ್ಕ. ಬೇರಿಂಗ್ ಆದರೆ ಟಾರ್ಚ್ ಹಿಡಿಯಲೇಬೇಡಿ, 120 ಡಿಗ್ರಿ ದಾಟಿದರೆ ಗಟ್ಟಿತನ ಹೋಗುವ ಭಯ.

ಚಿಕ್ಕಮಗಳೂರು_ಥರ್ಡ್_ಸೆಮ್

ಸಾರ್, ಮಧ್ಯದಲ್ಲಿ ಒಂದು ಪ್ರಶ್ನೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಪಿನ್ ತೂತಿಗಿಂತ ಸಣ್ಣದೇ ಇದೆ, ಬಿಗಿ ಫಿಟ್ ಅಲ್ಲ. ಆದರೂ ಹಾಕುವಾಗ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಎಷ್ಟು ಒತ್ತಿದರೂ ಹೋಗುವುದಿಲ್ಲ. ಇದಕ್ಕೂ ಲಾಮೆ ಸೂತ್ರವೇ?

ಮೆಕ್ಯಾನಿಕಲ್_ಮೇಷ್ಟ್ರು

ಇಲ್ಲಪ್ಪ, ಇದಕ್ಕೆ ಲಾಮೆ ಬೇಡ. ಇದು ಬೇರೆಯೇ ಮಾದರಿ, ಅಮೆರಿಕದ ಡೇನಿಯಲ್ ವಿಟ್ನಿ 1982ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. ಪಿನ್ ಸ್ವಲ್ಪ ವಾಲಿದರೆ ಎರಡು ಕಡೆ ಮಾತ್ರ ತಾಗುತ್ತದೆ: ಒಂದು ಕಡೆ ತೂತಿನ ಬಾಯಿ, ಎದುರು ಕಡೆ ಪಿನ್ನಿನ ತುದಿ. ಒಳಗೆ ಹೋಗಿರುವ ಉದ್ದ ತುಂಬಾ ಕಮ್ಮಿ ಇದ್ದರೆ ಆ ಎರಡು ಕಡೆಯ ಬಲಗಳು ಒಂದನ್ನೊಂದು ಎದುರುಬದುರು ಒತ್ತಿ ಹಿಡಿಯುತ್ತವೆ. ಆಮೇಲೆ ನೀನು ಒತ್ತಿದಷ್ಟೂ ಅವೂ ಬಿಗಿಯಾಗುತ್ತವೆ, ಸುತ್ತಿಗೆ ಹೊಡೆದರೆ ಮೈ ಗೀರುತ್ತದೆ ಅಷ್ಟೇ. ಮಿತಿ ಎಷ್ಟು ಗೊತ್ತಾ? ಫ್ರಿಕ್ಷನ್ ಗುಣಾಂಕವನ್ನು ವ್ಯಾಸಕ್ಕೆ ಗುಣಿಸಿದಷ್ಟು. 30 ಮಿ.ಮೀ. ಪಿನ್, ಫ್ರಿಕ್ಷನ್ 0.15 ಆದರೆ 4.5 ಮಿ.ಮೀ. ಅಷ್ಟು ಆಳ ದಾಟಿದರೆ ಈ ತರಹ ಸಿಕ್ಕಿಕೊಳ್ಳುವುದಿಲ್ಲ. ಪಿನ್ನಿನ ತುದಿಯಲ್ಲಿ ಐದಾರು ಮಿ.ಮೀ. ಉದ್ದ ಸ್ವಲ್ಪ ಸಣ್ಣ ಮಾಡಿ, ತೂತಿನ ಬಾಯಿಗೆ ಚೇಂಫರ್ (ಅಂಚು ಓರೆಯಾಗಿ ಕತ್ತರಿಸುವುದು) ಕೊಡು. ಸಿಕ್ಕಿಕೊಂಡರೆ ಹೊರಗೆ ತೆಗೆದು ನೇರ ಮಾಡಿ ಮತ್ತೆ ಹಾಕು. ಒತ್ತಬೇಡ.

ಹಾಸನ_ಟರ್ನರ್

ಇಬ್ಬರಿಗೂ ಥ್ಯಾಂಕ್ಸ್. ಬಿಸಿಯ ಲೆಕ್ಕ ಇವತ್ತೇ ಗೋಡೆಗೆ ಬರೆದು ಹಾಕುತ್ತೇನೆ. ಮೇಷ್ಟ್ರೇ, ಈ ಗೇರ್ ಮತ್ತೆ ಬಿಚ್ಚಬೇಕಾಗಿ ಬರುವುದು ಗ್ಯಾರಂಟಿ. ಹೊಸ ಶಾಫ್ಟ್ ಮಾಡುವಾಗ ನೇರ ಬಿಟ್ಟು ಟೇಪರ್ (ತುದಿಗೆ ಹೋದಂತೆ ಸಣ್ಣ ಆಗುವ ಆಕಾರ) ಕೊಟ್ಟರೆ ಹೇಗೆ?

ಮೆಕ್ಯಾನಿಕಲ್_ಮೇಷ್ಟ್ರು

ಕೊಡಿ, ಖಂಡಿತ ಕೊಡಿ. ಟೇಪರ್‌ನಲ್ಲಿ ಹಾಕುವಾಗ ಇಳಿಜಾರು ಫ್ರಿಕ್ಷನ್‌ಗೆ ಕೂಡುತ್ತದೆ, ತೆಗೆಯುವಾಗ ಕಳೆಯುತ್ತದೆ. 1:10 ಟೇಪರ್ ಅಂದರೆ ಒಂದು ಬದಿಯ ಇಳಿಜಾರು 0.05. ಫ್ರಿಕ್ಷನ್ 0.12 ಇದ್ದರೆ ಹಾಕಲು 0.17, ತೆಗೆಯಲು 0.07. ಅರ್ಧಕ್ಕಿಂತ ಕಮ್ಮಿ. ಡ್ರಿಲ್‌ನ ಮೋರ್ಸ್ ಟೇಪರ್ ಸುಮಾರು 1:20, ಹಾಗಾಗಿ ತಾನೇ ಹಿಡಿದುಕೊಳ್ಳುತ್ತದೆ. ಮಿಲ್ಲಿಂಗ್ ಮಶೀನ್‌ನ 7/24 ಟೇಪರ್‌ನಲ್ಲಿ ಇಳಿಜಾರೇ 0.146, ಫ್ರಿಕ್ಷನ್‌ಗಿಂತ ಜಾಸ್ತಿ, ಅದಕ್ಕೇ ಹಿಂದಿನಿಂದ ಎಳೆದು ಹಿಡಿಯುವ ಬೋಲ್ಟ್ ಬೇಕಾಗುವುದು. ನಿಮಗೆ 1:10 ಸರಿ. ತುದಿಗೆ ನಟ್ ಹಾಕಿ, ಕೀ (ಗೇರ್ ಶಾಫ್ಟಿನ ಮೇಲೆ ಜಾರಿ ತಿರುಗದಂತೆ ಹಿಡಿಯುವ ತುಂಡು) ಕೂರಿಸಿ. ಅಂಟಿನ ಬಲ ಇಲ್ಲೂ ಇರುತ್ತದೆ, ಆದರೆ ಒಂದು ಕೂದಲೆಳೆಯಷ್ಟು ಕದಲಿದರೆ ಸಾಕು, ಪೂರ್ತಿ ಬಿಟ್ಟುಕೊಳ್ಳುತ್ತದೆ. 30 ಮಿ.ಮೀ. ಉದ್ದಕ್ಕೂ ಎಳೆಯುವ ಕೆಲಸ ಇರುವುದಿಲ್ಲ.