ಪದಚರ್ಚೆ: ಕ್ರೀಡಾಕೂಟದ ‘ಲೆಗಸಿ’ಗೆ ಬಳುವಳಿ ಎಂದರೆ ಸಾಕೇ?

ಬಳಗದವರಿಗೆ ನಮಸ್ಕಾರ.

ದೊಡ್ಡ ಕ್ರೀಡಾಕೂಟಗಳ ಹಣಕಾಸಿನ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹೆಜ್ಜೆಹೆಜ್ಜೆಗೂ ಎಡವುವ ಪದ ‘ಲೆಗಸಿ’. ಕೂಟ ಮುಗಿದ ಮೇಲೆ ಊರಿಗೆ ಉಳಿಯುವ ಕ್ರೀಡಾಂಗಣ, ರಸ್ತೆ, ರೈಲು, ಮನೆಗಳು, ಬಂದ ಹೆಸರು, ಎಲ್ಲವನ್ನೂ ಸೇರಿಸಿ ಸಂಘಟಕರು ಆಡುವ ಮಾತು ಅದು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿರುವುದರಿಂದ ನಮ್ಮ ಪತ್ರಿಕೆಗಳಿಗೂ ಇನ್ನು ಮುಂದೆ ಈ ಪದದ ಕಾಟ ತಪ್ಪಿದ್ದಲ್ಲ.

‘ಪರಂಪರೆ’ ಎಂದು ಬರೆಯುವವರಿದ್ದಾರೆ. ಗುರುಪರಂಪರೆ, ಶಿಷ್ಯಪರಂಪರೆ ಎನ್ನುವಲ್ಲಿ ಒಬ್ಬರ ಹಿಂದೆ ಒಬ್ಬರು ಬರುವ ಸಾಲೊಂದು ಇರುತ್ತದೆ. ಎರಡು ವಾರದ ಕೂಟ ಬಿಟ್ಟುಹೋದ ಕಾಂಕ್ರೀಟಿಗೆ ಪರಂಪರೆ ಎಂದರೆ ನನಗಂತೂ ನಗು ಬರುತ್ತದೆ. ಅದನ್ನು ಬಿಟ್ಟುಬಿಡೋಣ.

‘ಬಳುವಳಿ’ ವಾಸಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವುದು ಎಂಬ ಮೂಲಾರ್ಥದಿಂದ ಅದು ಬಹುದೂರ ಬಂದಿದೆ. ‘ಬ್ರಿಟಿಷರ ಬಳುವಳಿ’ ಎಂದು ಬೈಗುಳವಾಗಿಯೂ ಬಳಸುತ್ತೇವೆ, ಹಾಗಾಗಿ ಒಳಿತು ಕೆಡುಕು ಎರಡಕ್ಕೂ ಒಗ್ಗುತ್ತದೆ. ನನ್ನ ತಕರಾರು ಬೇರೆ. ಬಳುವಳಿ ಎಂದ ಮೇಲೆ ಕೊಟ್ಟವರೊಬ್ಬರು ಇರಬೇಕು. ಇಲ್ಲಿ ಕೊಟ್ಟವರು ಯಾರು?

ಕೆನಡಾದ ಮಾಂಟ್ರಿಯಲ್ ಕಥೆ ನೋಡಿ. 1976ರ ಒಲಿಂಪಿಕ್ಸ್‌ಗೆ ಮೊದಲು ಅಲ್ಲಿನ ಮೇಯರ್ ಜಾನ್ ದ್ರಾಪೋ, ಗಂಡಸು ಹೇಗೆ ಮಗುವನ್ನು ಹೆರಲಾರನೋ ಹಾಗೆಯೇ ಒಲಿಂಪಿಕ್ಸ್ ಕೊರತೆಗೆ ಬೀಳಲಾರದು ಎಂದಿದ್ದರು. ಕೂಟ ಆರಂಭವಾದಾಗ ಮುಖ್ಯ ಕ್ರೀಡಾಂಗಣದ ಗೋಪುರವೇ ಅರ್ಧಕ್ಕೆ ನಿಂತಿತ್ತು. ಅದು ಮುಗಿದದ್ದು 1987ರಲ್ಲಿ. ಸಾಲ ತೀರಿದ್ದು 2006ರಲ್ಲಿ, ಅದಕ್ಕೆ ಕ್ವಿಬೆಕ್ ಪ್ರಾಂತ್ಯದ ತಂಬಾಕು ತೆರಿಗೆಯ ಹಣ ಸುರಿಯಬೇಕಾಯಿತು. ಕ್ರೀಡಾಂಗಣದ ಅಡ್ಡಹೆಸರು ‘ಬಿಗ್ ಓ’. ಇಂಗ್ಲಿಷಿನಲ್ಲಿ ಆ ‘ಓ’ ಎಂಬುದಕ್ಕೆ ಸಾಲ ಕೊಡಬೇಕಾಗಿರುವುದು ಎಂಬರ್ಥವೂ ಬರುವುದರಿಂದ ಊರಿನವರಿಗೆ ಒಳ್ಳೆಯ ಕುಹಕ ಸಿಕ್ಕಿತು. ಈ ಶ್ಲೇಷೆಯನ್ನು ಕನ್ನಡಕ್ಕೆ ತರುವ ಆಸೆ ನಾನು ಕೈಬಿಟ್ಟಿದ್ದೇನೆ. ಆದರೆ 1976ರಲ್ಲಿ ಹುಟ್ಟಿಯೇ ಇರದವನೂ ಸಿಗರೇಟು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ‘ಒಲಿಂಪಿಕ್ಸ್‌ನ ಬಳುವಳಿ’ ಎನ್ನಬಹುದೇ? ಉಡುಗೊರೆಯ ವಾಸನೆ ಆ ಪದಕ್ಕೆ ಇನ್ನೂ ಅಂಟಿಕೊಂಡಿದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು ಇನ್ನೂ ವಿಚಿತ್ರ. 2026ರ ಕಾಮನ್‌ವೆಲ್ತ್ ಕೂಟವನ್ನು ಒಪ್ಪಿಕೊಂಡು, ಖರ್ಚು ಕೈಮೀರುತ್ತದೆ ಎಂದು 2023ರಲ್ಲಿ ಹಿಂದೆ ಸರಿದು, ಅದಕ್ಕೆ 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ತೆತ್ತಿತು. ನಡೆಯದೇ ಹೋದ ಕೂಟಕ್ಕೂ ಲೆಗಸಿ ಉಂಟು ಎಂದಾಯಿತು!

ಹಾಗೆಂದು ಬರೀ ಸಾಲದ ಪದ ಹುಡುಕಿದರೂ ತಪ್ಪಾಗುತ್ತದೆ. ಲಾಸ್ ಏಂಜಲೀಸ್ 1984ರಲ್ಲಿ ಇದ್ದ ಕ್ರೀಡಾಂಗಣಗಳನ್ನೇ ಹೆಚ್ಚಾಗಿ ಬಳಸಿತು. 1932ರ ಒಲಿಂಪಿಕ್ಸ್ ನಡೆದಿದ್ದ ಕಾಲಿಸಿಯಂ ಮತ್ತೆ ಮುಖ್ಯ ಅಂಗಣವಾಯಿತು. ಕೊನೆಗೆ 20 ಕೋಟಿ ಡಾಲರಿಗೂ ಮೀರಿ ಹಣ ಮಿಕ್ಕಿ, ಅದರ ಒಂದು ಪಾಲಿನಿಂದ ಮಕ್ಕಳ ಕ್ರೀಡೆಗೆಂದು ಪ್ರತಿಷ್ಠಾನ ಎದ್ದಿತು. ನಮ್ಮಲ್ಲೇ ನೋಡಿದರೆ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮ ಈಗ ಜನ ಸಂಸಾರ ಹೂಡಿರುವ ಬಡಾವಣೆ. ಇವೆರಡಕ್ಕೂ ಬಳುವಳಿ ಚೆನ್ನಾಗಿಯೇ ಹೊಂದುತ್ತದೆ.

‘ಉಳಿಕೆ’ ಹೇಗೆ ಎಂದು ಯೋಚಿಸಿದೆ. ಒಲವು ಆ ಕಡೆಗೇ ಇದೆ, ಆದರೆ ಲೆಕ್ಕದ ಭಾಷೆಯಲ್ಲಿ ಉಳಿಕೆ ಎಂದರೆ ಖರ್ಚು ಕಳೆದು ಉಳಿದ ಹಣ. ಮಾಂಟ್ರಿಯಲ್‌ಗೆ ಉಳಿಕೆಯಾಯಿತು ಎಂದರೆ ಓದುಗ ಲಾಭವೆಂದೇ ತಿಳಿಯುತ್ತಾನೆ. ಸಂಘಟನಾ ಸಮಿತಿಯವರು ತಮ್ಮ ದಿನವಹಿ ಖರ್ಚಿನ ಲೆಕ್ಕ ಮಾತ್ರ ತೋರಿಸಿ, ಸರ್ಕಾರ ಕಟ್ಟಿಕೊಟ್ಟ ಕಟ್ಟಡಗಳ ವೆಚ್ಚವನ್ನು ಹೊರಗಿಟ್ಟು ‘ಉಳಿತಾಯ’ ಘೋಷಿಸುವ ರೂಢಿ ಮೊದಲೇ ಇದೆ. ಅನುವಾದಕನೂ ಅವರ ಜೊತೆ ಸೇರುವುದು ಬೇಡ.

ಅದೇ ಲೇಖನದ ‘ವೈಟ್ ಎಲಿಫೆಂಟ್’ಗೆ, ಅಂದರೆ ಉಪಯೋಗಕ್ಕಿಂತ ಸಾಕುವ ಖರ್ಚೇ ಹೆಚ್ಚಾದ ಕಟ್ಟಡಕ್ಕೆ, ‘ಬಿಳಿಯಾನೆ’ ಎನ್ನುವ ಬಗ್ಗೆ ನನಗೆ ಅನುಮಾನವಿಲ್ಲ. ಐರಾವತ ನೆನಪಾದರೆ ಆಗಲಿ, ‘ಸಾಕು’ ಎಂಬ ಕ್ರಿಯಾಪದ ಜೊತೆಗಿದ್ದರೆ ಅರ್ಥ ಕೆಡುವುದಿಲ್ಲ. ಬ್ರೆಜಿಲ್‌ನ ಮನಾಸ್ ನಗರ 2014ರ ಫುಟ್‌ಬಾಲ್ ವಿಶ್ವಕಪ್‌ನ ನಾಲ್ಕು ಪಂದ್ಯಗಳಿಗಾಗಿ ಅಮೆಜಾನ್ ಕಾಡಿನ ನಡುವೆ ನಲವತ್ತು ಸಾವಿರಕ್ಕೂ ಮಿಕ್ಕಿ ಆಸನಗಳ ಬಿಳಿಯಾನೆ ಸಾಕಿತು ಎಂದು ಧೈರ್ಯವಾಗಿ ಬರೆದಿದ್ದೇನೆ.

ಈಗ ನನ್ನ ಪ್ರಶ್ನೆ. ಮನೆ ಹಿಸ್ಸೆಯಾಗುವಾಗ ಹೊಲ ಮನೆಯ ಜೊತೆಗೆ ಅಪ್ಪನ ಸಾಲವೂ ಮಕ್ಕಳಿಗೆ ಹಂಚಿಕೆಯಾಗುತ್ತದೆ. ಹೀಗೆ ಆಸ್ತಿ, ಸಾಲ ಎರಡನ್ನೂ ಒಟ್ಟಿಗೆ ಹೇಳುವ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? ‘ಪಾಲಿಗೆ ಬಂದದ್ದು’ ಎನ್ನಬಹುದು, ಆದರೆ ಗಾದೆಯ ಪಂಚಾಮೃತ ಹಿಂದೆಯೇ ಬಂದುಬಿಡುತ್ತದೆ. ಶೀರ್ಷಿಕೆಗೂ ಅದು ಕೂರುವುದಿಲ್ಲ. ಉತ್ತರ ಕರ್ನಾಟಕದವರು ಆಸ್ತಿ ಹಂಚಿಕೆಗೆ ‘ವಾಟ್ನಿ’ ಎನ್ನುವಾಗ ಅದರಲ್ಲಿ ಸಾಲದ ಹಂಚಿಕೆಯೂ ಸೇರುತ್ತದೆಯೇ, ಇಲ್ಲ ಜಮೀನು ಮಾತ್ರವೇ? ಕರಾವಳಿ, ಮಲೆನಾಡಿನವರೂ ತಿಳಿಸಿ. ಹೊಸ ಪದ ಟಂಕಿಸುವವರಿಗೆ ಒಂದು ವಿನಂತಿ: ಐದಕ್ಷರ ಮೀರದಿರಲಿ.