ಸಹಾಯ ಬೇಕು: ದಸರಾ ರಜೆಯಲ್ಲಿ ಮಕ್ಕಳೊಂದಿಗೆ ಮೇಕೆದಾಟಿಗೆ ಕಾಲ್ನಡಿಗೆ

ಮಾನ್ಯರೇ,

ಬನಶಂಕರಿ ನಿವಾಸಿಗಳಾದ ನಾವು ಈ ದಸರಾ ರಜೆಯಲ್ಲಿ ಒಂದು ದಿನ ಕನಕಪುರ ಮಾರ್ಗವಾಗಿ ಸಂಗಮಕ್ಕೆ ಹೋಗಿ, ಅರ್ಕಾವತಿಯನ್ನು ದಾಟಿ, ಅಲ್ಲಿಂದ ಮೇಕೆದಾಟಿನವರೆಗಿನ ಸುಮಾರು 4 ಕಿ.ಮೀ. ದಾರಿಯನ್ನು ನಡೆದೇ ಕ್ರಮಿಸಬೇಕೆಂದು ಯೋಚಿಸಿದ್ದೇವೆ. ಜೊತೆಯಲ್ಲಿ 68 ವರ್ಷದ ಅತ್ತೆಯವರೂ 7 ಮತ್ತು 11 ವರ್ಷದ ಮಕ್ಕಳೂ ಇರುತ್ತಾರೆ. ಅತ್ತೆಯವರು ದಿನವೂ ಪಾರ್ಕಿನಲ್ಲಿ ಐದಾರು ಸುತ್ತು ಹಾಕುವವರಾದ್ದರಿಂದ ಅವರ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆಯಿರುವುದು ಮಕ್ಕಳ ಬಗ್ಗೆ.

ಕಿರಿದಾದ ಕಮರಿಯಲ್ಲಿ ಕಾವೇರಿ ನುಗ್ಗುವ ರಭಸವನ್ನೂ, ನೀರು ಕೊರೆದು ಕುಳಿಬಿದ್ದ ಆ ಜಾರುವ ಬಂಡೆಗಳನ್ನೂ ನೆನೆದರೆ ನೀರಿಗಿಳಿಯುವ ಮಾತೇ ಇಲ್ಲ. ಆದರೆ ಮಳೆಗೆ ಅರ್ಕಾವತಿ ತುಂಬಿದ್ದರೆ, ಅಥವಾ ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ಹೆಚ್ಚು ನೀರು ಬಿಟ್ಟಿದ್ದರೆ, ಸಂಗಮದಲ್ಲಿ ತೆಪ್ಪ ಹಾಕುತ್ತಾರೆಯೇ, ಇದನ್ನು ಹೊರಡುವ ಮುನ್ನವೇ ಯಾರಲ್ಲಿ ವಿಚಾರಿಸಬಹುದು? ಎರಡು ವರ್ಷದ ಹಿಂದೆ ವಿಚಾರಿಸದೆ ಹೋಗಿ, ಈಚೆ ದಡದಲ್ಲೇ ಪುಳಿಯೋಗರೆ ತಿಂದು ಹಿಂದಿರುಗಿದವರು ನಾವು.

ಆಚೆ ದಡದ ಬಸ್ಸು ಮಧ್ಯಾಹ್ನದ ನಂತರವೂ ಸಿಗುವುದಾದರೆ ಹೋಗುವಾಗ ನಡೆದು, ಬರುವಾಗ ಅದನ್ನೇ ಹಿಡಿಯುತ್ತೇವೆ. ಇದು ಕಾವೇರಿ ವನ್ಯಜೀವಿಧಾಮದ ಪ್ರದೇಶವಾದ್ದರಿಂದ, ಆನೆಗಳ ಓಡಾಟದ ಕಾರಣಕ್ಕೆ ಕಾಲ್ನಡಿಗೆಗೆ ನಿರ್ಬಂಧವಿದೆಯೇ, ದಾರಿಯಲ್ಲಿ ನೆರಳು ಮತ್ತು ಕುಡಿಯುವ ನೀರು ಸಿಗುತ್ತದೆಯೇ ಎಂಬುದನ್ನು, ಇತ್ತೀಚೆಗೆ ಚಿಕ್ಕ ಮಕ್ಕಳೊಂದಿಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.