ಜಠರದ ಒಳಪದರದ ಡಿಎನ್‌ಎ ಮೀಥೈಲೇಶನ್: ಕ್ಯಾನ್ಸರ್‌ನ ಮುನ್ಸೂಚನೆ ಇದರಿಂದ ಸಿಗುತ್ತದೆಯೇ?

ಮಲೆನಾಡಿಗ:
ನಮ್ಮ ಅಣ್ಣನವರ ಎಂಡೋಸ್ಕೋಪಿಯ ಬಯಾಪ್ಸಿ ವರದಿಯಲ್ಲಿ ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ (ಜಠರದ ಒಳಪದರದ ಕೋಶಗಳು ಕರುಳಿನ ಕೋಶಗಳಂತೆ ಬದಲಾಗುವುದು) ಎಂದು ಬಂದಿದೆ. ಜಠರದಲ್ಲಿ ನೆಲೆಸುವ ಎಚ್. ಪೈಲೊರಿ ಬ್ಯಾಕ್ಟೀರಿಯಾದ ಸೋಂಕಿಗೆ ಮಾತ್ರೆಗಳ ಕೋರ್ಸ್ ಮುಗಿದಿದ್ದು, ಉಸಿರಿನ ಪರೀಕ್ಷೆಯಲ್ಲಿ ಸೋಂಕು ಹೋಗಿದೆಯೆಂದು ಖಚಿತವಾಗಿದೆ. ಡಿಎನ್‌ಎ ಮೀಥೈಲೇಶನ್ ನೋಡಿ ಮುಂದಿನ ಅಪಾಯವನ್ನು ಅಂದಾಜು ಮಾಡಬಹುದೆಂದು ಓದಿದೆ. ಸೋಂಕೇ ಹೋದ ಮೇಲೆ ಈ ಗುರುತು ಉಳಿದಿರುತ್ತದೆಯೇ? ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಅಣುಶಾಲೆ:
ಸ್ವಲ್ಪ ಇಳಿಯುತ್ತದೆ, ಆದರೆ ಪೂರ್ತಿ ಅಳಿಸಿಹೋಗುವುದಿಲ್ಲ. ಈ ಗುರುತಿಗೆ ಬೆಲೆ ಬಂದಿರುವುದೇ ಆ ಕಾರಣದಿಂದ. ಡಿಎನ್‌ಎಯ ಅಕ್ಷರಗಳಲ್ಲೊಂದಾದ ಸೈಟೊಸಿನ್‌ಗೆ ಮೀಥೈಲ್ ಗುಂಪು ಸೇರಿಕೊಳ್ಳುವುದು ಸಹಜ ಕ್ರಿಯೆಯೇ. ಆದರೆ ಜೀನಿನ ಆರಂಭದ ಭಾಗದಲ್ಲಿ ಅದು ದಟ್ಟವಾದರೆ, ಅಕ್ಷರಗಳ ಕ್ರಮ ಒಂದಿಷ್ಟೂ ಬದಲಾಗದೆ ಆ ಜೀನು ಸುಮ್ಮನಾಗುತ್ತದೆ, ಮತ್ತು ಕೋಶ ವಿಭಜನೆಯಾದಾಗ ಅದೇ ಸ್ಥಿತಿ ಮರಿಕೋಶಗಳಿಗೂ ದಾಟುತ್ತದೆ. ಜಠರದ ಕ್ಯಾನ್ಸರ್‌ನಲ್ಲಿ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಸಿಡಿಎಚ್1, ಡಿಎನ್‌ಎಯ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1 ಮುಂತಾದ ಜೀನುಗಳು ಹೀಗೆ ಸುಮ್ಮನಾಗುವುದುಂಟು.

ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ತೊಶಿಕಾಜು ಉಶಿಜಿಮಾ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತರ ಪೈಕಿ ಸೋಂಕಿದ್ದವರ ಜಠರದ ಒಳಪದರದಲ್ಲಿ ಮೀಥೈಲೇಶನ್ ಪ್ರಮಾಣವು, ಪರೀಕ್ಷಿಸಿದ ಜಾಗಕ್ಕೆ ತಕ್ಕಂತೆ, ಸೋಂಕಿಲ್ಲದವರಿಗಿಂತ 5.4ರಿಂದ 303 ಪಟ್ಟು ಹೆಚ್ಚಿತ್ತು. ಅದಕ್ಕಿಂತ ಕುತೂಹಲದ್ದು ಜರ್ಬಿಲ್ ಇಲಿಗಳ ಮೇಲೆ ನಡೆದ ನಂತರದ ಪ್ರಯೋಗ. ಸೋಂಕಿತ ಇಲಿಗಳಿಗೆ ಸೈಕ್ಲೋಸ್ಪೊರಿನ್ ಕೊಟ್ಟು ಉರಿಯೂತವನ್ನು ತಗ್ಗಿಸಿದಾಗ, ಬ್ಯಾಕ್ಟೀರಿಯಾಗಳು ಹಾಗೆಯೇ ಇದ್ದರೂ ಮೀಥೈಲೇಶನ್ ಏರಲಿಲ್ಲ. ಗುರುತು ಮೂಡಿಸುವುದು ಬ್ಯಾಕ್ಟೀರಿಯಾಕ್ಕಿಂತ ಮುಖ್ಯವಾಗಿ ಅದು ಎಬ್ಬಿಸುವ ಉರಿಯೂತವೆಂದು ಇದರಿಂದ ತಿಳಿಯಿತು.

ಗಾಜುಪಟ್ಟಿ:
ನಾನು ರೋಗಶಾಸ್ತ್ರ ವಿಭಾಗದಲ್ಲಿ ಇರುವವನು. ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅದನ್ನು ನಿಮ್ಮ ಅಣ್ಣನವರಿಗೆ ಅನ್ವಯಿಸುವಾಗ ಎಚ್ಚರ ಬೇಕು. ದೀರ್ಘಕಾಲದ ಜಠರದ ಉರಿಯೂತ, ಗ್ರಂಥಿಗಳು ಸವೆಯುವುದು, ಮೆಟಾಪ್ಲೇಸಿಯಾ, ಡಿಸ್‌ಪ್ಲೇಸಿಯಾ (ಕ್ಯಾನ್ಸರ್‌ಗೆ ಮುಂಚಿನ, ಕೋಶಗಳ ಅಸಹಜ ಬೆಳವಣಿಗೆ), ಕ್ಯಾನ್ಸರ್ ಎಂಬ ಕ್ರಮವನ್ನು ರೋಗಶಾಸ್ತ್ರಜ್ಞ ಪೆಲಾಯೊ ಕೊರೆಯ ಅವರು ವಿವರಿಸಿದ್ದಾರೆ ನಿಜ. ಆದರೆ ಮೆಟಾಪ್ಲೇಸಿಯಾ ಇರುವ ಬಹುಪಾಲು ಜನರು ಕೊನೆಯ ಮೆಟ್ಟಿಲಿಗೆ ಹೋಗುವುದೇ ಇಲ್ಲ. 2015ರಲ್ಲಿ ಪ್ರಕಟವಾದ ಜಪಾನಿನ ಬಹುಕೇಂದ್ರ ಅಧ್ಯಯನಕ್ಕೆ ಸೇರಿದ್ದ 826 ಜನರೂ ಆರಂಭಿಕ ಕ್ಯಾನ್ಸರನ್ನು ಎಂಡೋಸ್ಕೋಪಿಯಿಂದಲೇ ತೆಗೆಸಿಕೊಂಡಿದ್ದವರು. ಮಿರ್-124ಎ-3 ಎಂಬ ಜೀನಿನ ಮೀಥೈಲೇಶನ್ ಅತಿ ಹೆಚ್ಚಿದ್ದವರಲ್ಲಿ ಮತ್ತೊಂದು ಕಡೆ ಹೊಸ ಕ್ಯಾನ್ಸರ್ ಮೂಡುವ ಅಪಾಯ, ಅತಿ ಕಡಿಮೆಯಿದ್ದವರ ಎರಡು ಪಟ್ಟಿಗಿಂತ ತುಸು ಹೆಚ್ಚೆಂದು ಅಲ್ಲಿ ಕಂಡುಬಂತು. ಕ್ಯಾನ್ಸರೇ ಬಾರದ ನಿಮ್ಮ ಅಣ್ಣನವರಿಗೆ ಆ ಲೆಕ್ಕವನ್ನು ನೇರವಾಗಿ ತಂದು ಹಚ್ಚುವಂತಿಲ್ಲ. ವಯಸ್ಸಾದಂತೆಯೂ ಮೀಥೈಲೇಶನ್ ಏರುತ್ತದೆ ಎಂಬುದು ಇನ್ನೊಂದು ತೊಡಕು.

ಮಲೆನಾಡಿಗ:
ಇಬ್ಬರಿಗೂ ಧನ್ಯವಾದಗಳು. ರಕ್ತಪರೀಕ್ಷೆಯ ವಿಚಾರ?

ಅಣುಶಾಲೆ:
ಸದ್ಯಕ್ಕೆ ಅದರ ಮೇಲೆ ಭರವಸೆ ಇಡಬೇಡಿ. ರಕ್ತದಲ್ಲಿ ಸಿಗುವುದು ಸಾಯುವ ಕೋಶಗಳಿಂದ ಹೊರಬಿದ್ದ ಡಿಎನ್‌ಎ ಚೂರುಗಳು. ಮೆಟಾಪ್ಲೇಸಿಯಾದಿಂದಾಗಲಿ, ಬಹಳ ಚಿಕ್ಕ ಗಡ್ಡೆಯಿಂದಾಗಲಿ ಅಲ್ಲಿಗೆ ಸೇರುವುದು ಅತ್ಯಲ್ಪ. ಸಾಲದ್ದಕ್ಕೆ, ಮೀಥೈಲ್ ಇಲ್ಲದ ಸೈಟೊಸಿನ್‌ಗಳನ್ನು ಮಾತ್ರ ಯುರಾಸಿಲ್ ಆಗಿ ಬದಲಿಸಿ ವ್ಯತ್ಯಾಸ ತೋರಿಸುವ ಬೈಸಲ್ಫೈಟ್ ವಿಧಾನದಲ್ಲಿ, ಇದ್ದ ಡಿಎನ್‌ಎಯೂ ಬಹಳಷ್ಟು ಮುರಿದುಹೋಗುತ್ತದೆ. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ ಸೆಪ್ಟಿನ್-9 ಎಂಬ ಜೀನಿನ ಮೀಥೈಲೇಶನ್ ನೋಡುವ ರಕ್ತಪರೀಕ್ಷೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಹೆಸರು ನೋಡಿ ಇದಕ್ಕೂ ಆಗುತ್ತದೆಂದು ಮಾಡಿಸಬೇಡಿ.

ಗಾಜುಪಟ್ಟಿ:
ವರದಿಯಲ್ಲಿ ಬಯಾಪ್ಸಿಯ ಚೂರುಗಳನ್ನು ಎಲ್ಲಿಂದ ತೆಗೆದರು ಎಂಬುದನ್ನು ಮೊದಲು ನೋಡಿ. ಜಠರದ ಕೆಳಭಾಗವಾದ ಆಂಟ್ರಮ್ ಮತ್ತು ನಡುಭಾಗವಾದ ಕಾರ್ಪಸ್ ಎರಡರಲ್ಲೂ ಮೆಟಾಪ್ಲೇಸಿಯಾ ಹರಡಿದ್ದರೆ ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಬೇಕೆಂದು 2019ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಒಂದೇ ಕಡೆ ಇದ್ದರೆ, ಮನೆತನದಲ್ಲಿ ಜಠರದ ಕ್ಯಾನ್ಸರ್ ಇದ್ದಿತೇ, ಮೆಟಾಪ್ಲೇಸಿಯಾ ‘ಇನ್‌ಕಂಪ್ಲೀಟ್’ (ದೊಡ್ಡ ಕರುಳಿನ ಒಳಪದರವನ್ನು ಹೋಲುವ) ಬಗೆಯದೇ ಎಂಬುದರ ಮೇಲೆ ನಿರ್ಧಾರ ನಿಲ್ಲುತ್ತದೆ. ಎರಡೂ ಜಾಗದ ಚೂರುಗಳನ್ನು ಒಂದೇ ಬಾಟಲಿಯಲ್ಲಿ ಹಾಕಿ ಕಳುಹಿಸಿದ್ದರೆ ಇದನ್ನು ನಮ್ಮಂಥವರು ಹೇಳಲಾರೆವು. ಮುಂದಿನ ಸಲ ಬೇರೆ ಬೇರೆ ಬಾಟಲಿಗಳಲ್ಲಿ ಕಳುಹಿಸುವಂತೆ ವೈದ್ಯರನ್ನು ಈಗಲೇ ಕೇಳಿಕೊಳ್ಳಿ.